ಪಿಸುಗುಟ್ಟಿದ ಮಹಿಷಾಸುರ

ಜಪಾನಿನ ಒಕಾಜಾಕಿಯ ಕನ್ನಡ ಕೂಟದ ಸಭೆಯಲ್ಲಿ ಆಕಳಿಸುತ್ತ ಕೈ ಎತ್ತಿ ಮೈ ಮುರಿದದ್ದೇ ಭುವನ್ ಮಾಡಿದ ತಪ್ಪು. ಅಧ್ಯಕ್ಷೆ ಮೈತ್ರೇಯಿ ಅದನ್ನು ಒಪ್ಪಿಗೆ ಎಂದುಕೊಂಡು, ರಾಜ್ಯೋತ್ಸವದ ನಾಟಕದ ಮಹಿಷಾಸುರನನ್ನು ಅವನ ತಲೆಗೆ ಕಟ್ಟಿದರು. ಕಾರಿನ ಬಿಡಿಭಾಗಗಳ ಕಾರ್ಖಾನೆಯ ಈ ಬಡಪಾಯಿ ಇಂಜಿನಿಯರ್ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಗರ್ಜನೆ ಕಲಿತ.

ನಾಟಕ ನಡೆಯಬೇಕಿದ್ದದ್ದು ಐನೂರು ವರ್ಷ ಹಳೆಯ ಬೌದ್ಧ ದೇವಾಲಯದಲ್ಲಿ. ಭಿಕ್ಷುಗಳು ಇಲ್ಲವಾದ ಮೇಲೆ ಊರವರು ಅದನ್ನು ಕಲಾಕೇಂದ್ರ ಮಾಡಿಕೊಂಡಿದ್ದರು. ಬುದ್ಧ ಕೂತಿದ್ದ ಜಾಗದಲ್ಲಿ ಈಗ ಕಾಫಿ ಯಂತ್ರ ಕೂತಿತ್ತು.

ನಾಟಕದ ದಿನ ಗದೆ ಹೊತ್ತು ಬಂದ ಭುವನ್‌ಗೆ ಕೇಂದ್ರದ ಮೇಲ್ವಿಚಾರಕ ಹಸೆಗಾವಾ ಬಾಗಿ ವಂದಿಸಿದರು.

“ಸುಮಿಮಾಸೆನ್, ಕ್ಷಮಿಸಿ ಭುವನ್‌ಸಾನ್. ಹಲಗೆ ಹಳೆಯದು, ಕುಣಿಯಬಾರದು. ಪಕ್ಕದಲ್ಲಿ ಮನೆಗಳಿವೆ, ಕೂಗಬಾರದು.”

ಭುವನ್ ಮೈತ್ರೇಯಿಯ ಹತ್ತಿರ ಓಡಿದ. “ಮೇಡಂ, ಕುಣೀದೆ, ಕೂಗದೆ ರಾಕ್ಷಸ ಹೆಂಗಾಗ್ಲಿ?”

“ಅಡ್ಜಸ್ಟ್ ಮಾಡ್ಕೊಳ್ಳಿ ಭುವನ್. ಹಾಲ್ ಫ್ರೀ ಕೊಟ್ಟಿದಾರೆ.”

ಪರದೆ ಸರಿಯಿತು. ಕೊಂಬು ಕಟ್ಟಿಕೊಂಡ ಮಹಿಷಾಸುರ ಕಾಲುಚೀಲದಲ್ಲಿ, ಹಾಲು ಕದಿಯಲು ಹೊರಟ ಬೆಕ್ಕಿನಂತೆ ತುದಿಗಾಲಲ್ಲಿ ಬಂದ. ಹಲಗೆ ಕಿರ್ ಎಂದಿತು, ಆ ಹಲಗೆಗೇ ಕೈಮುಗಿದ. “ಮೂರು ಲೋಕವನ್ನೂ ಸುಟ್ಟುಬಿಡುತ್ತೇನೆ,” ಎಂದು ಪಿಸುಗುಟ್ಟಿದ. ಕನ್ನಡಿಗರು ಬಾಯಿಗೆ ಶಾಲು ತುರುಕಿಕೊಂಡು ನಕ್ಕರು. ದೇವಿಯಾಗಿದ್ದ ಶೈಲಜಾ ತ್ರಿಶೂಲ ಚುಚ್ಚಿದಾಗ ಅವನು ಧೊಪ್ಪನೆ ಬೀಳುವಂತಿರಲಿಲ್ಲ. ಮೊದಲು ಮಂಡಿ, ಆಮೇಲೆ ಮೊಣಕೈ, ಕೊನೆಗೆ ಕೊಂಬು, ಹೀಗೆ ಕಂತು ಕಂತಾಗಿ ಸತ್ತ.

ಇನ್ನು ಈ ಜನ್ಮದಲ್ಲಿ ಕೂಟದವರು ತನ್ನನ್ನು ಕರೆಯುವುದಿಲ್ಲ ಎಂಬ ಸಮಾಧಾನದಲ್ಲಿ ಕಣ್ಣು ತೆರೆದರೆ, ಜಪಾನೀಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಹಸೆಗಾವಾ ಕಣ್ಣೊರೆಸಿಕೊಳ್ಳುತ್ತಿದ್ದರು.

“ಇಷ್ಟು ಮೌನವಾದ ರಾಕ್ಷಸನನ್ನು ನಾನು ನೋಡಿಯೇ ಇರಲಿಲ್ಲ. ಇದು ಯಾವ ಪರಂಪರೆ?”

ಭುವನ್ ಬಾಯಿ ತೆರೆಯುವ ಮೊದಲೇ ಮೈತ್ರೇಯಿ, “ತುಂಬ ಪ್ರಾಚೀನ ಶೈಲಿ, ಹಸೆಗಾವಾಸಾನ್. ಇವರ ಮನೆತನದ್ದೇ,” ಎಂದರು. ಪ್ರತಿ ಶನಿವಾರ ಅಲ್ಲೇ ಭುವನ್ ತರಗತಿ ನಡೆಸುತ್ತಾನೆ ಎಂದೂ ಅವರೇ ಒಪ್ಪಿಕೊಂಡರು.

ಮೊದಲ ಶನಿವಾರವೇ ಭುವನ್‌ಗೆ ತಡೆಯಲಾಗಲಿಲ್ಲ. ಹಲಗೆ ಮುರಿದರೂ ಸರಿ, ನಿಜವಾದ ರಾಕ್ಷಸ ಹೇಗಿರುತ್ತಾನೆಂದು ತೋರಿಸಿಯೇ ಬಿಡೋಣವೆಂದು, ನೆಲ ಅದುರುವಂತೆ ಕುಣಿದು ಗರ್ಜಿಸಿದ. ಹಲಗೆಗೆ ಏನೂ ಆಗಲಿಲ್ಲ. ಶಿಷ್ಯರ ಮುಖ ಮಾತ್ರ ಬಾಡಿತು.

ಹಸೆಗಾವಾ ಸೊಂಟದವರೆಗೂ ಬಾಗಿದರು. “ಕ್ಷಮಿಸಿ, ಗುರುಗಳೇ. ಈಗಿನ ಕಾಲದ ಈ ಅಬ್ಬರ ನಮಗೆ ಬೇಡ. ದಯವಿಟ್ಟು ಅಸಲಿ ಶೈಲಿಯನ್ನೇ ಕಲಿಸಿ.”

ಹಿಂದಿನ ಸಾಲಿನಲ್ಲಿದ್ದ ಮೈತ್ರೇಯಿ ಗಂಭೀರವಾಗಿ ತಲೆಯಾಡಿಸಿದರು. “ಹೌದು ಭುವನ್. ನಮ್ಮ ಸಂಸ್ಕೃತೀನ ನಾವೇ ಕೆಡಿಸಬಾರ್ದು.”