ಹಾಲಿನ ಸೂಜಿಯ ಬೆನ್ನು ಹತ್ತಿ

ಗಂಭೀರವಾದ ಕೆಲಸಕ್ಕೆ ಹೊರಟವರ ಬೆನ್ನಿಗೇ ನಗು ಬೀಳುತ್ತದೆ. ತಂಗಿಗೆ ಸ್ತನ ಕ್ಯಾನ್ಸರ್ ಅಂತ ತಿಳಿದ ವರ್ಷ, ಹಾಲಿಳಿಸಲು ಎಮ್ಮೆಗಳಿಗೆ ಚುಚ್ಚುವ ಹಾರ್ಮೋನ್ ಸೂಜಿಯ ವಿರುದ್ಧ ನಾವು ಕೆಲವು ಹೆಂಗಸರು ದಾಂಡೇಲಿ ಸುತ್ತಮುತ್ತ ಪ್ರಚಾರ ಶುರು ಮಾಡಿದೆವು. ಅದರಿಂದಲೇ ಕ್ಯಾನ್ಸರ್ ಬರುತ್ತದೆಂದು ಡಾಕ್ಟರೇನೂ ಹೇಳಿರಲಿಲ್ಲ. ಆದರೆ ನನಗೆ ಯಾವುದರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು.

ದೇವರಾಣಿ

"ನಿಮ್ಮ ಹಾಲಿನವನನ್ನ ಧೈರ್ಯದಿಂದ ಕೇಳ್ರಿ" ಅಂತ ಬಂಗೂರನಗರದ ಸಭೆಯಲ್ಲಿ ಭಾಷಣ ಬಿಗಿದೆ. ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಪಾತ್ರೆ ಹಿಡಿದೇ ಹಾಲಿನವನ ಬೈಕಿಗೆ ಅಡ್ಡ ನಿಂತರು.

"ಖರೆ ಹೇಳೋ, ಎಮ್ಮಿಗೆ ಸೂಜಿ ಮಾಡ್ತೀಯೇನು?"

ಅವನು ಕೈಮುಗಿದ. "ದೇವರಾಣಿ ಇಲ್ರೀ ಅಕ್ಕಾರ! ನನಗ್ಯಾಕ ಅದರ ಗೊಡವಿ? ನಮ್ಮ ಮನಿ ಮುಂದ ನಳದಾಗ ಬೇಕಾದಷ್ಟು ನೀರೈತಿ."

ಬ್ಯಾಡ ಅನ್ನೋರು

ಜೊಯಿಡಾ ಕಡೆ ಎಮ್ಮೆ ಸಾಕುವ ಗೌಳಿಗರ ಹಟ್ಟಿಯೊಂದಕ್ಕೆ ಆಟೋಗೆ ಮೈಕ್ ಕಟ್ಟಿಕೊಂಡು ಹೋದೆವು. ಅಲ್ಲಿ ಮಾತು ಮರಾಠಿ, ನಮ್ಮ ಕೂಗು ಕನ್ನಡ. ಹೋಗಿ ನೋಡಿದರೆ ಒಂದು ಎಮ್ಮೆಯೂ ಇಲ್ಲ! ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಕೂತಿದ್ದಳು.

"ಮೈಕಿನ್ಯಾಗ ಇಂಜೆಕ್ಷನ್ ಅಂತ ಕೇಳಿತು. ಎಮ್ಮಿ ಎಲ್ಲಾ ಅಡವಿಗೆ ಹೊಡದೀವಿ" ಅಂದಳು, ಹರಕು ಕನ್ನಡದಲ್ಲಿ.

"ಅಯ್ಯ ಅಜ್ಜೀ, ನಾವು ಇಂಜೆಕ್ಷನ್ ಬ್ಯಾಡ ಅನ್ನೋರು!"

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ನಾವೂ ಬ್ಯಾಡ ಅಂತನ ಹೊಡದೀವಿ. ನಿನಗ್ಯಾಕ ಸಿಟ್ಟು?"

ಎಮ್ಮೆಯ ಉತ್ತರ

ಹಳಿಯಾಳ ಹತ್ತಿರದ ಹಳ್ಳಿಯ ಸಭೆಗೆ ತಂಗಿಯೂ ಹಟ ಹಿಡಿದು ಬಂದಳು. ಚಿಕಿತ್ಸೆಗೆ ಕೂದಲು ಉದುರಿತ್ತು, ತಲೆಗೆ ಸ್ಕಾರ್ಫ್ ಕಟ್ಟಿದ್ದಳು. ಅವಳ ಕಾಯಿಲೆಯ ಬಗ್ಗೆ ಹೇಳುತ್ತಿದ್ದ ನನ್ನ ಮಾತು ಮುಗಿಯುವುದರೊಳಗೆ ರೈತನೊಬ್ಬ ಎದ್ದು ನಿಂತ.

"ನಾ ಸೂಜಿ ಮಾಡ್ತೇನ್ರಿ. ನನ್ನ ಹೆಂಡತಿಗೆ ಮಣಕಾಲು ಬ್ಯಾನಿ, ಹಿಂಡಾಕ ಕೂಡಂಗಿಲ್ಲ. ನಾ ಕುಂತ್ರ ಎಮ್ಮಿ ಹಾಲ ಇಳಸಂಗಿಲ್ಲ. ನೀವ ಹೇಳ್ರಿ ತಂಗಿ, ನಿಮಗ ಹಾಲಿನಿಂದನ ಈ ಜಡ್ಡು ಬಂತೇನು?"

ತಂಗಿ ಎದ್ದಳು.

"ಗೊತ್ತಿಲ್ರಿ ಅಣ್ಣಾ. ನಾ ಸಣ್ಣಾಕಿದ್ದಾಗಿಂದ ಹಾಲು ಮುಟ್ಟಾಕಿ ಅಲ್ಲ. ವಾಸನಿ ಆಗಿ ಬರಂಗಿಲ್ಲ."

ಜನ ಗೊಳ್ಳೆಂದರು. ನನ್ನ ಪ್ರಚಾರ ಅಲ್ಲೇ ಮುಗಿಯಿತು ಅಂದುಕೊಂಡೆ. ಅವಳು ಮಾತ್ರ ಸೆರಗು ಸರಿಸಿ, ಚಿಕಿತ್ಸೆಯ ಸೂಜಿಗೆ ಕಪ್ಪಾದ ತೋಳು ತೋರಿಸಿದಳು.

"ಆದ್ರ ಸೂಜಿ ಅಂದ್ರ ಏನಂತ ನನಗ ಗೊತ್ತೈತಿ. ನನ್ನ ಕೇಳಿ ಚುಚ್ಚತಾರ, ಆದರೂ ಕಣ್ಣಾಗ ನೀರು ಬರತಾವು. ನಿಮ್ಮ ಎಮ್ಮಿನ್ನ ಯಾರು ಕೇಳ್ಯಾರ್ರಿ?"

ರೈತ ಕೂತುಬಿಟ್ಟ.

ಕೆಲವು ವಾರದ ಮೇಲೆ ಹಳಿಯಾಳ ಸಂತೆಯಲ್ಲಿ ಅದೇ ರೈತ ತಾನಾಗಿ ನಮ್ಮ ಹತ್ತಿರ ಬಂದ.

"ಸೂಜಿ ಬಿಟ್ಟೇನ್ರಿ ತಂಗಿ."

ತಂಗಿಯ ಮುಖ ಅರಳಿತು. "ಮತ್ತ ಹಾಲ ಇಳಸತೈತೇನು?"

"ಇಳಸತೈತ್ರಿ. ಹೆಂಡತಿ ಸೀರಿ ಉಟ್ಟು, ತಲಿ ಮ್ಯಾಲ ಸೆರಗು ಹೊತ್ತು ಕೂಡತೇನಿ. ಎಮ್ಮಿ ಅಕೀನ ಅಂತ ತಿಳಕೊಂಡು ಸುಮ್ಮನ ನಿಂದರತೈತಿ."

ತಂಗಿ ಹೊಟ್ಟೆ ಹಿಡಿದು ನಗತೊಡಗಿದಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ಅವನು ಮಾತ್ರ ನಗಲಿಲ್ಲ. ಆಚೀಚೆ ನೋಡಿ ಸಣ್ಣ ದನಿಯಲ್ಲಿ ಅಂದ:

"ನಗಬ್ಯಾಡ್ರಿ. ನಿನ್ನೆ ಡೈರಿಯವ ಹಿತ್ತಲಾಗ ಬಂದು, 'ಅತ್ತಿಗೀ, ಅಣ್ಣ ಎಲ್ಲಿ ಹೋಗ್ಯಾನ?' ಅಂದ. ನಾನೂ ಹಿಂಡಕೋತ, 'ಸಂತಿಗೆ' ಅಂದುಬಿಟ್ಟೆ!"