ಬಂಗುಡೆಯ ಹಿಂದೆ ಬೂತಾಯಿ

ಬಹ್ರೇನಿನ ಮರುಭೂಮಿಯಲ್ಲಿ ದಾರಿ ತಪ್ಪಬೇಕಾದರೆ ವಿಶೇಷ ಪ್ರತಿಭೆಯೇ ಬೇಕು. ಎಲ್ಲಿ ನಿಂತರೂ ಒಂದು ಎಣ್ಣೆ ಪೈಪು ಕಾಣುತ್ತದೆ. ಅದನ್ನು ಹಿಡಿದು ನಡೆದರೆ ರಸ್ತೆ, ರಸ್ತೆ ಸಿಕ್ಕರೆ ಇಲ್ಲಿಯವರು ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿ, ಅಂಗಡಿಯೊಳಗೆ ಒಬ್ಬ ಮಲಯಾಳಿ, ಅವನ ಕೈಯಲ್ಲಿ ಬಿಸಿ ಚಹಾ! ಇಂಥ ಮರುಭೂಮಿಯಲ್ಲಿ ನಾವು ಕಳೆದುಹೋಗದಂತೆ ಕಾಯುವುದನ್ನೇ ತಮ್ಮ ಜೀವನದ ಹೊಣೆ ಎಂದುಕೊಂಡ ಮಹಾನುಭಾವರೊಬ್ಬರು ನಮ್ಮ ನಡುವೆ ಇದ್ದರು.

ಹೂರಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ನನ್ನ ನೆತ್ತಿಯ ಮೇಲಿನ ಫ್ಲ್ಯಾಟು ಅವರದು. ಮೂಲ್ಕಿಯವರು, ಕಾರಿನ ಬಿಡಿಭಾಗಗಳ ಅಂಗಡಿಯೊಂದರ ಮ್ಯಾನೇಜರು. ಅವರಿಗಿಂತ ಹಿರಿಯರೂ ಅವರನ್ನು ‘ಮಾಮ’ ಎಂದೇ ಕರೆಯುತ್ತಿದ್ದರು. ಚಳಿಗಾಲದಲ್ಲಿ ತಿಂಗಳಿಗೊಂದು ಶುಕ್ರವಾರ ಮಾಮ ಮೂರು ಸಂಸಾರಗಳನ್ನು, ಅವರವರ ಕಾರುಗಳ ಸಮೇತ, ದ್ವೀಪದ ದಕ್ಷಿಣ ತುದಿಯ ಮರಳುದಿಬ್ಬಗಳಿಗೆ ಕರೆದೊಯ್ಯುತ್ತಿದ್ದರು. ಪಿಕ್ನಿಕ್ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅದು ‘ಎಕ್ಸ್‌ಪೆಡಿಷನ್’.

ಎಕ್ಸ್‌ಪೆಡಿಷನ್ ಶುರುವಾಗುತ್ತಿದ್ದುದು ಸೀಫ್‌ನ ಮಾಲೊಂದರ ಪಾರ್ಕಿಂಗಿನಲ್ಲಿ. ಜನ ಟ್ರಾಲಿ ತಳ್ಳಿಕೊಂಡು ಹೋಗುತ್ತಿರುವಾಗ ಮಾಮ ಮಧ್ಯದಲ್ಲಿ ನಿಂತು, ನೀರು ಮುಗಿದರೆ ಏನು ಮಾಡಬೇಕು, ಬಿಸಿಲು ತಲೆಗೇರಿದರೆ ಏನು ಮಾಡಬೇಕು ಎಂದು ಅರ್ಧ ಗಂಟೆ ಹೇಳುತ್ತಿದ್ದರು. ಅಷ್ಟರಲ್ಲಿ ನಮಗೆ ಅಲ್ಲೇ ಬಾಯಾರಿಕೆ ಶುರುವಾಗಿರುತ್ತಿತ್ತು. ಆಮೇಲೆ ಪ್ರತಿ ಕಾರಿಗೂ ಒಂದು ವಾಕಿಟಾಕಿ, ಅದಕ್ಕೊಂದು ಗುಪ್ತನಾಮ. ಮಾಮನ ಜೀಪು ಬಂಗುಡೆ, ಉಳಿದವು ಅಂಜಲ್, ಕಾಣೆ, ಬೂತಾಯಿ. ಎಲ್ಲವೂ ಮೀನುಗಳು. ತುಮಕೂರಿನ ಶುದ್ಧ ಸಸ್ಯಾಹಾರಿಯಾದ ನಾನು ಬೂತಾಯಿ! ಯಾವುದಾದರೂ ತರಕಾರಿಯ ಹೆಸರು ಕೊಡಿ ಎಂದು ಕೇಳಿಕೊಂಡೆ.

“ತೊಂಡೆಕಾಯಿ ಅಂತ ಕರೆದ್ರೆ ಗಾಡಿ ದಿಬ್ಬ ಹತ್ತುದಿಲ್ಲ ಮಾರಾಯ್ರೆ,” ಎಂದರು ಮಾಮ.

ಒಮ್ಮೆ ತುಮಕೂರಿನಿಂದ ನನ್ನ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಹಿನ್ನೆಲೆಯಲ್ಲಿ ‘ಬೂತಾಯಿ, ಬಂಗುಡೆಯ ಹಿಂದೆಯೇ ಬನ್ನಿ’ ಎಂಬ ಆಜ್ಞೆ ಕೇಳಿಸಿತು. ಬೂತಾಯಿ ಎಂದರೇನೋ ಎಂದು ಅಮ್ಮ ಕೇಳಿದರು. ಇಲ್ಲಿಯ ಒಂದು ಜಾತಿಯ ಹಕ್ಕಿ ಎಂದು ಹೇಳಿ ಪಾರಾದೆ.

ಮರಳಿಗಿಳಿಯುವ ಮುಂಚೆ ಟೈರಿನ ಗಾಳಿ ಇಳಿಸಬೇಕಲ್ಲ? ಅದಕ್ಕೆ ಅಳತೆಯ ಮೀಟರು ಮಾಮನಿಗೆ ಬೇಡ. ಹೆಬ್ಬೆರಳಿನಿಂದ ಒತ್ತಿ ನೋಡಿ, “ಇಡ್ಲಿ ಹಾಗೆ ಇರ್ಬೇಕು, ನೀರುದೋಸೆ ಆಗ್ಬಾರ್ದು,” ಎನ್ನುತ್ತಿದ್ದರು. ಪ್ರತಿ ದಿಬ್ಬದ ಬುಡದಲ್ಲೂ ನಮ್ಮನ್ನು ನಿಲ್ಲಿಸಿ, ಪ್ಯಾಂಟು ಮಡಚಿ, ಬರಿಗಾಲಲ್ಲಿ ತಾವೊಬ್ಬರೇ ಹತ್ತಿ, ಸೊಂಟಕ್ಕೆ ಕೈಕೊಟ್ಟು ಸಮುದ್ರವನ್ನು ದಿಟ್ಟಿಸಿ, ಇಳಿದು ಬಂದು ಅಪ್ಪಣೆ ಕೊಡುತ್ತಿದ್ದರು. ದಿಬ್ಬದ ಎತ್ತರ ನಮ್ಮ ಕಟ್ಟಡದ ಮೊದಲ ಮಹಡಿಯಷ್ಟು. ಅವರು ಪರೀಕ್ಷೆ ಮುಗಿಸುವಷ್ಟರಲ್ಲಿ ಸ್ಥಳೀಯ ಹುಡುಗರು ನಾಲ್ಕು ಚಕ್ರದ ಬೈಕುಗಳಲ್ಲಿ ಅದೇ ದಿಬ್ಬವನ್ನು ಮೂರು ಸಲ ದಾಟಿ, ಅವರಿಗೆ ಸಲಾಂ ಹೇಳಿ ಹೋಗಿರುತ್ತಿದ್ದರು.

ಇನ್ನು ಬೈಗುಳ. ಗೇರ್ ತಪ್ಪಿದರೆ, ಕಿಟಕಿ ತೆರೆದರೆ, ತಿಂಡಿಯ ಡಬ್ಬಿ ಬೇಗ ಬಿಚ್ಚಿದರೆ, ಎಲ್ಲದಕ್ಕೂ ಬೈಗುಳ. ತಮ್ಮ ಇಪ್ಪತ್ತು ವರ್ಷದ ಬಿಳಿ ಜೀಪಿನ ಬಾಗಿಲನ್ನು ಯಾರಾದರೂ ಜೋರಾಗಿ ಹಾಕಿದರೆ ಆ ದಿನವಿಡೀ ಅವರ ಜೊತೆ ಮಾತು ಬಿಡುತ್ತಿದ್ದರು. ಆ ಜೀಪಿನ ಒಂದೊಂದು ಸ್ಕ್ರೂವನ್ನೂ ಅವರೇ ಆರಿಸಿ ಹಾಕಿದ್ದರು.

ಆ ಶುಕ್ರವಾರ ನನ್ನ ಹೆಂಡತಿ ಊರಿಗೆ ಹೋಗಿದ್ದಳು. ಕಾರಿನಲ್ಲಿ ನಾನು ಮತ್ತು ಎಂಟು ವರ್ಷದ ಮಗಳು. ದಿಬ್ಬಗಳು ಮುಗಿದು ಕಡಲ ಅಂಚಿನ ಬಯಲಿಗೆ ಬಂದಾಗ ಮಾಮ ಎಚ್ಚರಿಸಿದರು: ಇಲ್ಲಿ ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಹೂಳು, ನನ್ನ ಚಕ್ರದ ಗುರುತು ಬಿಟ್ಟು ಆಚೀಚೆ ಹೋಗಬೇಡಿ. ನಾನು ಹೋಗುತ್ತಲೂ ಇರಲಿಲ್ಲ. ಆದರೆ ಎಡಗಡೆ ನೀರಿನಲ್ಲಿ ಫ್ಲೆಮಿಂಗೋಗಳ ಹಿಂಡು ನಿಂತಿತ್ತು, ಮಗಳು ಸೀಟಿನ ಮೇಲೆ ಮಂಡಿಯೂರಿ ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ ಎಂದಳು. ತಿರುಗಿಸಿದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಪ್ಪಳ ಮುರಿಯಿತು. ಕಾರು ಬಾಗಿಲಿನವರೆಗೆ ಹೂತುಹೋಯಿತು.

ವಾಕಿಟಾಕಿಯಲ್ಲಿ ಬೈಗುಳದ ಮಳೆಗೆ ಕಾದೆ. ಬಂದದ್ದು ತಣ್ಣಗಿನ ದನಿ. “ಮಗುವನ್ನು ಎತ್ತಿಕೊಂಡು ಇಳೀರಿ. ಬಂದ ಗುರುತಿನಲ್ಲೇ ನಡೆದು ಬನ್ನಿ.”

ಸಮುದ್ರ ಏರುವ ಹೊತ್ತು. ನೀರು ಹಾಳೆಯಂತೆ ತೆಳ್ಳಗೆ ಹರಡಿಕೊಂಡು ಬರುತ್ತಿತ್ತು. ಗಟ್ಟಿ ನೆಲದಿಂದ ಎರಡು ಹಗ್ಗ ಗಂಟು ಹಾಕಿದರೂ ನನ್ನ ಕಾರಿಗೆ ಎಟುಕಲಿಲ್ಲ. ಮಾಮ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ತಮ್ಮ ಜೀಪನ್ನೇ ಹಿಂದಕ್ಕೆ ಆ ಉಪ್ಪಿನ ಮೇಲೆ ಇಳಿಸಿದರು. ಮೂರನೆಯ ಎಳೆತಕ್ಕೆ ನನ್ನ ಕಾರು ಮೇಲೆ ಬಂತು. ಅದೇ ಎಳೆತಕ್ಕೆ ಜೀಪಿನ ಹಿಂಚಕ್ರಗಳು ಇಳಿದುಹೋದವು. ಎಲ್ಲರೂ ತಟ್ಟೆಗಳಲ್ಲಿ ಹೂಳು ತೋಡಿದೆವು. ಹಗ್ಗ ತುಂಡಾಯಿತು. ನೀರು ಜೀಪಿನ ಮೆಟ್ಟಿಲು ಮುಟ್ಟಿದಾಗ ಮಾಮ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದರು.

“ಸಾಕು. ಮಕ್ಕಳಿಗೆ ಹಸಿವಾಗಿರ್ಬಹುದು, ಊಟ ಬಿಚ್ಚಿ,” ಎಂದರು. ತಾವು ಸಮುದ್ರಕ್ಕೆ ಬೆನ್ನು ಹಾಕಿ ಕೂತು ಉಂಡರು.

ಮರುದಿನ ಕ್ರೇನ್ ತರಿಸಿ ಜೀಪನ್ನು ಎತ್ತಿಸಿದ್ದಾಯಿತು, ಇಂಜಿನ್ ಮಾತ್ರ ಉಳಿಯಲಿಲ್ಲ. ಆಮೇಲೆ ಎಕ್ಸ್‌ಪೆಡಿಷನ್‌ಗಳೂ ನಿಂತವು. ಬೇಸಿಗೆಯಲ್ಲಿ ಮಾಮ ವೀಸಾ ರದ್ದು ಮಾಡಿಸಿಕೊಂಡು ಮೂಲ್ಕಿ ಸೇರಿದರು. ಇಷ್ಟು ವರ್ಷಗಳಾದರೂ ನನಗೆ ನೆನಪಾಗುವುದು ಆ ಸಂಜೆಯೇ.

ವಾಪಸು ಬರುವಾಗ ಅವರು ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ಮಗಳ ಪಕ್ಕ ಕೂತಿದ್ದರು. ಕ್ಷಮಿಸಿ ಎಂದು ಕನ್ನಡಿಯಲ್ಲಿ ನೋಡುತ್ತಾ ತಡವರಿಸಿದೆ. ಅವರು ಮಗಳ ಕಡೆ ತಿರುಗಿ, “ಹಕ್ಕಿ ಸರಿಯಾಗಿ ಕಾಣ್ತಾ ಮಗಾ?” ಎಂದು ಕೇಳಿದರು. ಅವಳು ಹಕ್ಕಿಗಳು ಕತ್ತನ್ನು ಹೇಗೆ ತಿರುಚಿ ತಿನ್ನುತ್ತಿದ್ದವು ಎಂದು ವಿವರಿಸತೊಡಗಿದಳು. ಅವಳ ಮಾತು ಮುಗಿಯುವ ಮೊದಲೇ ನಿದ್ದೆ ಹತ್ತಿದ ಮಾಮನ ತಲೆ ವಾಲಿ ಅವಳ ಪುಟ್ಟ ಭುಜದ ಮೇಲೆ ಬಂದು ನಿಂತಿತು. ಅವರ ಕೂದಲಲ್ಲಿ ಒಣಗಿದ ಹೂಳಿತ್ತು. ಅವಳು ಅಲುಗಾಡಲಿಲ್ಲ.

ಹೂರಾ ತಲುಪಿ ಕಟ್ಟಡದ ಮುಂದೆ ನಿಲ್ಲಿಸಲು ನೋಡಿದೆ. ಮಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

“ಪಪ್ಪಾ,” ಎಂದಳು ಪಿಸುದನಿಯಲ್ಲಿ, “ಇನ್ನೊಂದು ರೌಂಡ್ ಹೋಗೋಣ.”

ನಾನು ಕಾರನ್ನು ಮುಹರ್ರಕ್ ಸೇತುವೆಯ ಕಡೆ ತಿರುಗಿಸಿದೆ.