ಅತ್ತೆ ಕುದಿಸಿದ ಕ್ಯಾನು

ಬೆಳಿಗ್ಗೆ ಹಲ್ಲುಜ್ಜಿ ಒಳಗೆ ಬಂದ ಅಳಿಯನಿಗೆ ಮೊದಲು ಕಂಡದ್ದು ಒಲೆಯ ಮೇಲೆ ಕೂತಿದ್ದ ತನ್ನ ಸ್ಟೀಲ್ ಕ್ಯಾನು. ಒಳಗಿನಿಂದ ಕೊತಕೊತ ಸದ್ದು, ಮೇಲೆ ದಟ್ಟ ಹಬೆ.

“ಅತ್ತೇ! ಏನ್ಮಾಡ್ಬಿಟ್ರಿ?”

“ಕುದಿಸ್ತಾ ಇದೀನಿ ಅಳಿಯಂದ್ರೇ,” ಎಂದರು ಅತ್ತೆ ಹೆಮ್ಮೆಯಿಂದ. “ಇದರಲ್ಲಿ ಕೋಟಿಗಟ್ಟಲೆ ಕ್ರಿಮಿ ಇದಾವೆ ಅಂತ ನೀವೇ ಹೇಳಿದ್ರಲ್ಲ. ಕ್ರಿಮಿ ಅಂದ್ರೆ ಕುದಿಸ್ಬೇಕು ಅಂತ ನನ್ನ ಮಗಳು ಹೇಳ್ಕೊಟ್ಟಿದಾಳೆ.”

ಆ ಮಗಳು, ಅಂದರೆ ಅವನ ಹೆಂಡತಿ, ಪೇಟೆಯ ಆಸ್ಪತ್ರೆಯಲ್ಲಿ ನರ್ಸು. ಅವನು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕ. ಮದುವೆಯ ಅರಿಶಿನ ಆರುವ ಮೊದಲೇ ಇಲಾಖೆಯವರು ಅವನನ್ನು ಗುಡ್ಡದ ಮೇಲಿನ ಈ ಊರಿಗೆ ಎತ್ತಿ ಹಾಕಿದ್ದರು. ಹೇಗೂ ಮಾವನ ಮನೆ ಅಲ್ಲೇ ಇದೆಯಲ್ಲ ಎಂಬುದು ಅವರ ಕರುಣೆ. ಹೀಗೆ ಆ ಮದುವೆಯಲ್ಲಿ ಅತ್ತೆಮನೆಗೆ ಹೋದದ್ದು ಗಂಡು.

ಗುಡ್ಡದವರು ಒಂದು ಇಳಿಜಾರಿನ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುತ್ತಾರೆ. ಒಂದೆರಡು ಬೆಳೆಗೆ ಮಣ್ಣು ಸೋತಿತೆಂದರೆ ಅದನ್ನು ಕಾಡಿಗೇ ಬಿಟ್ಟು ಮುಂದಿನ ಇಳಿಜಾರಿಗೆ ನಡೆಯುತ್ತಾರೆ. ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಜಾಗಕ್ಕೆ ಬರುವಷ್ಟರಲ್ಲಿ ಚಡ್ಡಿ ಹಾಕುತ್ತಿದ್ದವನು ಮೀಸೆ ತಿರುವುತ್ತಿರುತ್ತಾನೆ. ಸುಟ್ಟ ಮಣ್ಣಿಗೆ ಒಳ್ಳೆಯ ಜೀವಾಣು ಸೇರಿಸಿದರೆ ಬೆಳೆ ಹುಲುಸಾಗಿ ಬಂದು, ಅದೇ ಹೊಲ ಇನ್ನಷ್ಟು ಕಾಲ ಬಾಳೀತು ಎಂಬುದು ಪ್ರಯೋಗಾಲಯದ ಆಸೆ. “ಹಾಲಿಗೆ ಹೆಪ್ಪು ಹಾಕಿದ ಹಾಗೆ” ಎಂದು ಅವನು ವಿವರಿಸಿದ ದಿನದಿಂದ ಊರಿಗೆಲ್ಲ ಅವನು ಹೆಪ್ಪಣ್ಣ.

ಇವತ್ತು ದೊಡ್ಡ ಸಾಹೇಬರು ಬರುವವರಿದ್ದರು. ಅವರ ಎದುರು ಬೀಜಕ್ಕೆ ಕ್ಯಾನಿನ ಜೀವಾಣು ಕಲಸಿ ಬಿತ್ತಿ ತೋರಿಸಿದರೆ ಪೇಟೆಗೆ ವರ್ಗ ಖಂಡಿತ ಎಂದು ಮಾತಾಗಿತ್ತು. ಹೆಂಡತಿ ಆಗಲೇ ಬಾಡಿಗೆ ಮನೆ ನೋಡಿ, ಕಿಟಕಿಗೆ ಹೂವಿನ ಪರದೆ ಹೊಲಿಸಿದ್ದಳು. ಈಗ ಆ ಪರದೆಯೇ ಒಲೆಯ ಮೇಲೆ ಬೇಯುತ್ತಿದೆ ಎನಿಸಿ ಅವನಿಗೆ ಅಳು ಬಂತು.

“ಅಳಿಯಂದ್ರೇ, ಇಲ್ಲಿ ಕೇಳಿ, ನಾನು ಏನ್ಮಾಡಿದೆ ಅಂದ್ರೆ...” ಎಂದು ಅತ್ತೆ ಶುರು ಮಾಡುವಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಅವನು ಬಟ್ಟೆ ಸುತ್ತಿ ಕ್ಯಾನನ್ನು ಎತ್ತಿ, ಬಿಸಿಯನ್ನೆಲ್ಲ ಬಚ್ಚಲಿಗೆ ಸುರಿದು, ಹಿತ್ತಲಿಗೆ ಓಡಿದ.

ಕೊಟ್ಟಿಗೆಯ ಬಾಗಿಲಲ್ಲಿ ಹಸುವಿನ ಕಲಗಚ್ಚಿನ ಬಾನಿ ಇತ್ತು. ಪಾತ್ರೆ ತೊಳೆದ ನೀರು, ತರಕಾರಿ ಸಿಪ್ಪೆ, ಎಲ್ಲ ಅದಕ್ಕೇ. ಇವತ್ತು ಅದು ಎಂದಿಗಿಂತ ಹೆಚ್ಚು ತುಂಬಿತ್ತು. ಕ್ಯಾನಿನ ಜೀವಾಣುವಿನದೇ ಮಬ್ಬು ಬಣ್ಣ, ಅದೇ ಹುಳಿ ವಾಸನೆ. ಅವನು ಹಿಂದೆ ಮುಂದೆ ನೋಡದೆ ಕ್ಯಾನನ್ನು ಅದರಲ್ಲಿ ಮುಳುಗಿಸಿದ.

“ಏನ್ ಹೆಪ್ಪಣ್ಣ, ಹಸುವಿಂದನ್ನ ನೀವು ತುಂಬ್ಕೊಳ್ತಾ ಇದೀರಾ?” ಬೇಲಿಯ ಮೇಲೆ ಪಕ್ಕದ ಮನೆ ದೊಡ್ಡಮ್ಮನ ತಲೆ ಎದ್ದಿತು.

“ಇಲ್ಲ ದೊಡ್ಡಮ್ಮ, ಕ್ಯಾನು ತೊಳೀತಾ ಇದೀನಿ.”

“ಕಲಗಚ್ಚಲ್ಲಿ ತೊಳೆಯೋದಾ?” ಎಂದು ದೊಡ್ಡಮ್ಮ ಕೇಳುವಾಗ ಅವನು ಗುಡ್ಡದ ದಾರಿ ಹಿಡಿದಾಗಿತ್ತು.

ಹೊಲ ಮುಟ್ಟುವಷ್ಟರಲ್ಲಿ ಅವನ ಹಿಂದೆ ಒಂದು ಮೆರವಣಿಗೆಯೇ ಇತ್ತು. ಮುಂದೆ ಹಸು, ಅದರ ಹಿಂದೆ ಮಾವ, ಅವರ ಹಿಂದೆ ಕೆಲಸ ಬಿಟ್ಟು ಬಂದ ದೊಡ್ಡಮ್ಮ.

“ಇದೇನು ಅಳಿಯಂದ್ರೇ, ನಮ್ಮ ಹಸು ನಿಮ್ಮ ಬೆನ್ನು ಹತ್ತಿದೆ?”

“ಪ್ರೀತಿ, ಮಾವ.”

“ನಾನು ಹಗ್ಗ ಹಾಕಿ ಎಳೆದ್ರೂ ಬರಲ್ಲ ಇದು!” ಎಂದರು ಮಾವ ನೊಂದುಕೊಂಡು.

ಸಾಹೇಬರು ಕರಕಲು ಮೋಟುಗಳ ನಡುವೆ ಛತ್ರಿ ಹಿಡಿದು ನಿಂತಿದ್ದರು. ಅವನು ಬೋಗುಣಿಗೆ ಬೀಜ ಸುರಿದು, ಕ್ಯಾನು ಬಗ್ಗಿಸಿದ. ಬೀಜದ ಜೊತೆಗೆ ಒಂದು ಸೌತೆಕಾಯಿ ಸಿಪ್ಪೆಯೂ ಬಿತ್ತು. ಅದನ್ನು ಅವನು ಮುಚ್ಚುವ ಮೊದಲೇ ಹಸು ಮೂತಿ ಹಾಕಿ ಸಿಪ್ಪೆ ತಿಂದು, ಮುಖಕ್ಕೆಲ್ಲ ಬೀಜ ಅಂಟಿಸಿಕೊಂಡು ತಲೆಯೆತ್ತಿತು.

“ಭೇಷ್! ದನಕ್ಕೂ ಅಪಾಯ ಇಲ್ಲ ಅಂತ ತೋರಿಸಿಬಿಟ್ಟೆ,” ಎಂದು ಸಾಹೇಬರು ನಕ್ಕರು. ಅವನೂ ನಕ್ಕ. ಆಮೇಲೆ ಅವರು ಚೀಲದಿಂದ ಸೂಕ್ಷ್ಮದರ್ಶಕ ತೆಗೆದರು. ಅವನ ನಗು ಅಲ್ಲೇ ನಿಂತುಹೋಯಿತು.

ಒಂದು ಹನಿ ಇಟ್ಟು ಸಾಹೇಬರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ಎಂಥಾ ಚುರುಕು ಕಣಯ್ಯ! ಸಂತೆ ನೆರೆದ ಹಾಗಿದೆ. ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ. ಇದನ್ನು ಬೆಳೆಸಿದವನನ್ನ ಪೇಟೇಲಿ ಕೂರಿಸೋದಾ? ಯಜಮಾನ್ರೇ, ನೀವು ಇದೇ ಹೊಲಕ್ಕೆ ಮತ್ತೆ ಬರೋದು ಯಾವಾಗ?”

“ಹತ್ತು ಹನ್ನೆರಡು ವರ್ಷ ಆಗುತ್ತೆ ಸ್ವಾಮಿ,” ಎಂದರು ಮಾವ.

“ಅಲ್ಲೀವರೆಗೂ ಇವನು ಇಲ್ಲೇ ಇರ್ತಾನೆ. ಮಣ್ಣು ಹೇಗೆ ಬದಲಾಗುತ್ತೆ ಅಂತ ಒಂದು ಪೂರ್ತಿ ಸುತ್ತು ನೋಡಲೇಬೇಕು.”

ಹೂವಿನ ಪರದೆ ಕಣ್ಣ ಮುಂದೆ ಹಾದುಹೋಯಿತು. ಬೈಸಿಕೊಂಡು ಪೇಟೆಯ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವುದೇ ಇದಕ್ಕಿಂತ ಸುಖ ಎನಿಸಿ ಅವನು ಬಾಯಿಬಿಟ್ಟ.

“ಸಾರ್, ಅದು ನಮ್ಮ ಜೀವಾಣು ಅಲ್ಲ. ಹಸುವಿನ ಕಲಗಚ್ಚು. ನಮ್ಮದು ಬೆಂದುಹೋಯ್ತು.”

“ನಾನು ಆಗ್ಲೇ ಕೇಳಿದೆ!” ಎಂದರು ದೊಡ್ಡಮ್ಮ.

ಸಾಹೇಬರು ಮೋಟಿನ ಮೇಲೆ ಕುಸಿದು ಕೂತರು. ಅಬ್ಬಾ, ಕೆಲಸ ಕೆಟ್ಟಿತು ಎಂದು ಅವನು ಒಳಗೊಳಗೇ ಖುಷಿಪಟ್ಟ. ಆದರೆ ಅವರ ಮುಖ ನಿಧಾನವಾಗಿ ಅರಳತೊಡಗಿತು.

“ಕಲಗಚ್ಚು! ಪ್ರಯೋಗಾಲಯವನ್ನೇ ಮೀರಿಸೋ ಕಲಗಚ್ಚು! ಹಾಗಾದ್ರೆ ಒಂದು ಸುತ್ತು ಸಾಲೋದಿಲ್ಲ ಕಣಯ್ಯ. ಈ ಸುತ್ತು ಕಲಗಚ್ಚಿಗೆ, ಮುಂದಿನ ಸುತ್ತು ನಮ್ಮ ಜೀವಾಣುವಿಗೆ. ಎರಡು ಸುತ್ತೂ ನೀನೇ ನೋಡ್ಕೋಬೇಕು!” ಎಂದು ಅವನ ಬೆನ್ನು ತಟ್ಟಿ ಜೀಪು ಹತ್ತಿದರು.

“ಮೊಮ್ಮಕ್ಕಳ ಮದುವೇನೂ ಇಲ್ಲೇ ಮಾಡಿ ಮುಗಿಸೋಣ ಬಿಡಿ,” ಎಂದರು ಮಾವ. ಮೊಮ್ಮಕ್ಕಳಾಗಬೇಕಾದರೆ ತಾನು ಒಮ್ಮೆಯಾದರೂ ಪೇಟೆ ಸೇರಬೇಕಲ್ಲ ಎಂದುಕೊಂಡು ಅಳಿಯ ಕ್ಯಾನು ಎತ್ತಿಕೊಂಡು ಮನೆಯ ಕಡೆ ಹೊರಟ.

ಮನೆಯಲ್ಲಿ ಅತ್ತೆ ಕಾಲು ತೊಳೆಯಲು ನೀರು ಕೊಟ್ಟು, ಕಲಗಚ್ಚಿನ ಕತೆಯೆಲ್ಲ ಕೇಳಿ, ಗಲ್ಲಕ್ಕೆ ಕೈಯಿಟ್ಟರು.

“ಬೆಳಿಗ್ಗೆ ಹೇಳೋಕೆ ಬಂದ್ರೆ ನೀವು ಕೇಳ್ಲೇ ಇಲ್ಲ. ಆ ಗಬ್ಬುನೀರನ್ನ ಯಾರಾದ್ರೂ ಅಡುಗೆ ಒಲೆ ಮೇಲೆ ಇಡ್ತಾರಾ? ಅದನ್ನ ಹಸುವಿನ ಬಾನಿಗೆ ಸುರಿದು, ಕ್ಯಾನಿಗೆ ಬರೀ ನೀರು ಹಾಕಿ ಕುದಿಸಿದ್ದು ನಾನು.”

ಅಳಿಯ ಜಗಲಿಯ ಮೇಲೆ ಕೂತುಬಿಟ್ಟ. ತಾನು ಹೊತ್ತುಕೊಂಡು ಹೋಗಿದ್ದು ತನ್ನದೇ ಜೀವಾಣು. ಬಾಯಿ ಮುಚ್ಚಿಕೊಂಡಿದ್ದರೆ ಒಂದೇ ಸುತ್ತಿಗೆ ಮುಗಿಯುತ್ತಿತ್ತು. ಈಗ ಹೇಳೋಣವೆಂದರೆ, ಹಸುವಿನ ಬಾನಿಗೆ ಬೆಳಿಗ್ಗೆ ಯಾರು ಏನು ಸುರಿದರು ಎಂದು ಯಾವ ಸಾಹೇಬ ನಂಬುತ್ತಾನೆ?

ಅತ್ತೆಗೆ ಅವನ ಮುಖ ನೋಡಿ ಕರುಳು ಚುರ್ ಎಂದಿತು.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಎಷ್ಟು ವರ್ಷ ಆದ್ರೂ ಇರಿ. ನಿಮ್ಮ ಕ್ಯಾನು ದಿನಾ ನಾನೇ ಕುದಿಸಿ ಕೊಡ್ತೀನಿ.”